ಅಳಿಸಿದ ನಂಬರು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ರಾಜಶ್ರೀ ಬಾಗಲಕೋಟೆ ನವನಗರದ ‘ದಡಿಸೆರಗು’ ಕಂಪನಿಗೆ ಬಂದು, ಗೋಡೆಯಿಂದ ಕಿತ್ತ ಪೋಸ್ಟರೊಂದನ್ನು ಮೇಜಿನ ಮೇಲೆ ಹರಡಿದಳು.

ಪೋಸ್ಟರಿನಲ್ಲಿದ್ದವಳು ಅವಳೇ. ಮೈಮೇಲೆ ಕೆಂಪು ಸೆರಗಿನ ಇಳಕಲ್ ಸೀರೆ. ಕೆಳಗೆ ಯಾವುದೋ ಅಂಗಡಿಯ ಹೆಸರು.

“ಇದಕ್ಕ ಯಾರು ಒಪ್ಪಿಗಿ ಕೊಟ್ಟಾರ್ರಿ?”

ಎದುರಿಗಿದ್ದ ಯುವಕ ಎದ್ದು ನಿಂತ. ಹೆಸರು ಮುತ್ತುರಾಜ, ಕಂಪನಿ ಅವನದೇ. ಅವನ ಆ್ಯಪಿನಲ್ಲಿ ಹೆಂಗಸರು ತಮ್ಮ ಫೋಟೊ ಹಾಕಿದರೆ, ಯಾವ ಸೀರೆ ಉಟ್ಟರೆ ಹೇಗೆ ಕಾಣುತ್ತಾರೆಂದು ತೋರಿಸುತ್ತಿತ್ತು; ಆರಿಸಿದ ಸೀರೆಯ ಆರ್ಡರು ಅಂಗಡಿಗೆ ಹೋಗುತ್ತಿತ್ತು. ಅಣ್ಣನ ಮದುವೆಗೆ ಸೀರೆ ಆರಿಸಲು ರಾಜಶ್ರೀಯೂ ಫೋಟೊ, ಫೋನ್ ನಂಬರು ಹಾಕಿದ್ದಳು.

“ಇಳಕಲ್ ಬಸ್‌ಸ್ಟ್ಯಾಂಡಿನ್ಯಾಗ ಹಚ್ಚ್ಯಾರ. ನಮ್ಮ ಕಾಕಾ ನೋಡಿ ಬಂದು, ‘ಮಾಡೆಲ್ ಯಾವಾಗ ಆದಿಯವ್ವಾ?’ ಅಂತ ಕೇಳಿದ. ನಾ ಹುನಗುಂದ ದವಾಖಾನಿ ಲ್ಯಾಬಿನ್ಯಾಗ ಕೆಲಸ ಮಾಡಾಕಿ. ಯಾರ ರಕ್ತದಾಗ ಏನೈತಿ ಅಂತ ಅವರ ಮನಿಯವರಿಗೂ ಹೇಳಂಗಿಲ್ಲ. ನೀವು ನನ್ನ ಮಾರೀನ ಗ್ವಾಡಿಗೆ ಹಚ್ಚೀರಿ!”

ಏನಾದರೂ ನೆಪ ಹೇಳುತ್ತಾನೆಂದು ಕಾದಳು.

“ತಪ್ಪು ನಮ್ಮದ್ರಿ,” ಎಂದ ಅವನು. “ಅಂಗಡಿಯವರಿಗೆ ಆರ್ಡರ್ ಅಷ್ಟ ಕಾಣಬೇಕಿತ್ತು. ಫೋಟೊನೂ ಕಾಣೂ ಹಂಗ ಬಿಟ್ಟಿದ್ವಿ. ನೀವು ಸರಕಾರಕ್ಕ ದೂರು ಕೊಡ್ರಿ. ಹೆಂಗ ಕೊಡೂದು ಅಂತ ನಾನ ತೋರಸ್ತೇನಿ.”

“ನಿಮ್ಮ ಮ್ಯಾಲಿನ ದೂರು ನೀವ ಬರಸ್ತೀರೇನು?”

“ದಾರಿ ತೋರಸಬೇಕಂತ ಕಾನೂನದಾಗ ಐತ್ರಿ.”

ಅವಳಿಗೆ ನಗು ಬಂತು. ಜಗಳಕ್ಕೆ ಬಂದವಳು ನಗಬಾರದಿತ್ತು!

ದೂರು ಹೋಯಿತು. ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನಿನಡಿ ಪರಿಶೀಲನೆ ನಡೆಯಲಿದೆ ಎಂದು ಕಂಪನಿಗೆ ನೋಟಿಸು ಬಂತು. ದೂರುದಾರಳ ಮಾಹಿತಿ ಇನ್ನೂ ದುರ್ಬಳಕೆಯಾಗುತ್ತಿದೆ ಎಂದು ಕಂಡುಬಂದರೆ ಆ್ಯಪ್ ನಿಲ್ಲಿಸಬೇಕಾಗುತ್ತಿತ್ತು.

ಈ ನಡುವೆ ಮುತ್ತುರಾಜ ಅವಳನ್ನು ಕರೆದುಕೊಂಡು ಇಳಕಲ್ಲಿಗೆ ಹೋಗಿ ಒಂದೊಂದೇ ಪೋಸ್ಟರು ಕೀಳಿಸಿದ. ಕೊನೆಯದು ಕಿತ್ತ ಮೇಲೆ ಇಬ್ಬರೂ ಮಿರ್ಚಿ ಭಜಿ ತಿಂದರು. ಆಮೇಲೆ ಅವನ ಫೋನು ಬರತೊಡಗಿತು. ಮೊದಮೊದಲು ಪೋಸ್ಟರಿನ ಮಾತು. ಬರಬರುತ್ತ ಅವನ ಅವ್ವ ರಾಮವ್ವನ ಕುರಿಗಳ ಮಾತು, ಅವಳ ಲ್ಯಾಬಿನ ಮಾತು, ಏನೂ ಇಲ್ಲದ ಮಾತು...

ಲ್ಯಾಬಿನ ಗೆಳತಿ ಸಾಜಿಯಾ ಇದನ್ನೆಲ್ಲ ಗಮನಿಸುತ್ತಿದ್ದಳು.

“ವಿಚಾರಣಿ ಬಂದೈತಲ್ಲ, ಅದಕ್ಕ ಬೆಣ್ಣಿ ಹಚ್ಚಾಕತ್ತಾನ. ಅದು ಮುಗೀಲಿ, ನಿನ್ನ ಹೆಸರರ ನೆನಪಿರತೈತೇನು ನೋಡು.”

“ಅವರು ಹಂಗಲ್ಲ ಬಿಡ.”

“‘ಅವರು’! ಈಗ ಹೆಸರ ಹೇಳೂದೂ ಬಿಟ್ಟೇನವಾ?”

ರಾಜಶ್ರೀ ನಕ್ಕಳು. ಆದರೆ ಸಂಶಯ ಒಳಗೇ ಉಳಿಯಿತು. ಖರೆ ಹಂಗ ಇದ್ದರ...?

ಅಂದೇ ಆ್ಯಪ್ ತೆರೆದು, ‘ನನ್ನ ಎಲ್ಲ ಮಾಹಿತಿ ಅಳಿಸಿ’ ಎಂದು ಬರೆದು ಕಳಿಸಿದಳು. ಗಾಬರಿಯಾಗಿ ಫೋನ್ ಮಾಡುತ್ತಾನೆ. ‘ಯಾಕ್ರಿ, ಏನಾತು?’ ಎಂದು ಕೇಳುತ್ತಾನೆ. ಆಗ ಅವನ ಮನಸ್ಸು ಗೊತ್ತಾಗುತ್ತದೆ!

ಸಂಜೆ ಉತ್ತರ ಬಂತು: ‘ಅಳಿಸಲಾಗಿದೆ.’

ಅಷ್ಟೇ. ಮರುದಿನ ಫೋನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ವಾರ ಕಳೆದ ಮೇಲೆ ಸಿಟ್ಟಿನಿಂದ ಅವಳೂ ಅವನ ನಂಬರು ಅಳಿಸಿದಳು.

ಮುಂದಿನ ತಿಂಗಳು ಬಾಗಲಕೋಟೆಯಲ್ಲಿ ವಿಚಾರಣೆ ನಡೆಯಿತು. ಮುತ್ತುರಾಜ ಮೇಜಿನ ಆ ಬದಿಗೆ ಕೂತಿದ್ದ. ರಾಜಶ್ರೀ ಅವನ ಕಡೆ ನೋಡಲಿಲ್ಲ. ಪರಿಶೀಲನೆಗೆ ಬಂದ ಅಧಿಕಾರಿ ಹಿರಿಯ ಹೆಂಗಸು, ಬೆಂಗಳೂರಿನವರು.

“ಮಾಹಿತಿ ಅಳಿಸಲು ಕೇಳಿದ ಮೇಲೆ ಕಂಪನಿಯವರು ನಿಮ್ಮನ್ನು ಸಂಪರ್ಕಿಸಿದರೇ?”

“ಇಲ್ರಿ.”

“ಒಂದು ಸಲವೂ?”

“ಒಂದ ಸಲನೂ ಇಲ್ರಿ.”

ಅಧಿಕಾರಿ ಬರೆದುಕೊಂಡು ಮುತ್ತುರಾಜನ ಕಡೆ ತಿರುಗಿದರು. “ದೂರು ವಾಪಸ್ ತಗೊಳ್ಳಿ ಅಂತ ಕೇಳಲಿಕ್ಕಾದರೂ ನೀವು ಫೋನ್ ಮಾಡಿರುತ್ತೀರಿ.”

“ನಂಬರ ಇಲ್ರಿ ಮೇಡಂ.”

“ಕಂಪನಿಯಲ್ಲಿ ಇಲ್ಲ, ನೋಡಿದ್ದೇವೆ. ನಿಮ್ಮ ಸ್ವಂತ ಫೋನಿನಲ್ಲಿ?”

“ಅದರಾಗೂ ಇಲ್ರಿ. ಅವರು ನಂಬರ ಕೊಟ್ಟಿದ್ದು ಸೀರಿ ಸಲುವಾಗಿ. ಎಲ್ಲಾ ಅಳಸ್ರಿ ಅಂತ ಬರದ್ರು. ಅಳಸಿದೆ.”

ಅಧಿಕಾರಿ ಫೋನು ತರಿಸಿಕೊಂಡು ನೋಡಿದರು. ಇರಲಿಲ್ಲ.

ರಾಜಶ್ರೀ ಅಂದು ಮೊದಲ ಬಾರಿಗೆ ಅವನ ಕಡೆ ನೋಡಿದಳು. ಇಷ್ಟು ದಿನ ತನ್ನನ್ನು ಕೊರೆದ ಮೌನ, ತಾನೇ ಬರೆದು ಕೇಳಿದ್ದು!

ಹೊರಗೆ ಬೇವಿನ ಮರದ ಕೆಳಗೆ ಅವನು ಸಿಕ್ಕ.

“ದವಾಖಾನಿ ಗೊತ್ತಿತ್ತಲ್ರಿ ನಿಮಗ. ಬರಾಕ ಏನಾಗಿತ್ತು?”

“ಒಂದಿನ ಹೊಂಟಿದ್ದೆ. ವಿಚಾರಣಿ ಮುಗಿಯೋಕಿಂತ ಮೊದಲ ಬಂದ್ರ, ದೂರು ಕೊಟ್ಟವರನ್ನ ಒತ್ತಾಯ ಮಾಡಿದಂಗ ಆಗತೈತಿ ಅನಿಸ್ತು. ಅಮೀನಗಡದಾಗ ಇಳದು ಹೊಳ್ಳಿ ಬಂದೆ.”

“ಬರೇ ಕೈಲೆ?”

“ನಿಮಗಂತ ಕರದಂಟು ತಗೊಂಡಿದ್ದೆ. ಆಫೀಸಿನವರು ತಿಂದ್ರು.”

ಅವಳು ನಗಲು ಹೋದಳು, ಕಣ್ಣು ತುಂಬಿತು.

“ನನ್ನ ನಂಬರ ಬಾಯಿಪಾಠ ಇರಲಿಲ್ಲೇನು?”

“ಇತ್ತು. ಅದನ್ನ ಅಳಸಾಕ ಆಗಲಿಲ್ಲ. ಫೋನ್ ಹಚ್ಚಾಕೂ ಆಗಲಿಲ್ಲ.”

ರಾಜಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹಂಗಾದ್ರ ಈಗ ಒಪ್ಪಿಗಿ ಕೊಡ್ತೇನಿ. ಇಟ್ಟಕೋರಿ.”

“ಯಾವ ಉದ್ದೇಶಕ್ಕ ಅಂತ ಹೇಳಬೇಕ್ರಿ.”

“ದಿನಾ ಮಾತಾಡಾಕ.”

“ಎಲ್ಲೀ ತನಕ ಇಟ್ಟಕೋಬಹುದು?”

“ನಾ ಅಳಸು ಅನ್ನೂ ತನಕ.”

“ಅಂತೀಯೇನು?”

ಅವನು ‘ರಿ’ ಬಿಟ್ಟದ್ದನ್ನು ಅವಳು ಗಮನಿಸಿದಳು.

“ಇನ್ನ ಅನ್ನಂಗಿಲ್ಲ ನೋಡ,” ಎಂದಳು.

ಅಂದೇ ಸಂಜೆ ನಿರ್ಧಾರ ತಿಳಿಯಿತು: ಕಂಪನಿಗೆ ಎಚ್ಚರಿಕೆ, ಆ್ಯಪ್ ಮುಂದುವರಿಯಬಹುದು. ಅದನ್ನು ಹೇಳಲು ಮುತ್ತುರಾಜ ಫೋನ್ ಹಚ್ಚಿದಾಗ ಹುನಗುಂದದ ಬಸ್ಸು ಅಮೀನಗಡ ದಾಟಿತ್ತು. ರಾಜಶ್ರೀಯ ಫೋನಿನಲ್ಲಿ ಹೆಸರು ಬರಲಿಲ್ಲ, ಬರೀ ನಂಬರು ಬಂತು. ಅವಳು ಎತ್ತಿಕೊಂಡಳು.