ಹಸೀನಾ ಸರಿಸಿದ ಹಗ್ಗ

ಬ್ಯಾಡಗಿಯಲ್ಲಿ ರಸ್ತೆಯ ಸಭೆ ಕರೆದರೆ ಖಾಲಿ ಕುರ್ಚಿಗಳಷ್ಟೇ ಬರುತ್ತಿದ್ದವು. ಅದಕ್ಕೇ ತೊಂಬತ್ಮೂರರಲ್ಲಿ ರಸ್ತೆ ಆಫೀಸಿನಲ್ಲಿ ನಕ್ಷೆ ಬರೆಯುವ ಯೂಸುಫ ಓಣಿಯ ನೆಲದ ಮೇಲೆ ಸುಣ್ಣದಿಂದ ಊರನ್ನೇ ಬರೆದು, ಹೊಸ ರಸ್ತೆಯೆಂದು ಒಂದು ಹಗ್ಗ ಹಾಸಿ, ಕವಡೆ ತಂದಿಟ್ಟ. ಕವಡೆ ಎಸೆದು ಚೌಕ, ಅಂದರೆ ನಾಲ್ಕು, ಬಿದ್ದವರು ಹಗ್ಗ ಸರಿಸಬಹುದು. ಸಂಜೆ ಅದು ಎಲ್ಲಿ ನಿಲ್ಲುತ್ತದೋ ಅದೇ ಓಣಿಯವರ ಒಪ್ಪಿಗೆ.

ಜನ ಎಷ್ಟು ಕೂಡಿದರೆಂದರೆ, ಮೋಟೆಬೆನ್ನೂರಿನ ಬಸ್ಸು ಖಾಲಿಯಾಗಿ ಕಂಡಕ್ಟರನೂ ಇಳಿದು ಬಂದು ಕುಂತ.

ಹಗ್ಗ ಮೊದಲು ಬಿದ್ದಿದ್ದು ಹಸೀನಾಳ ಮನೆಯ ಮೇಲೆ. ಮನೆ ಹೋದರೆ ತಾಯಿ ಸುಗರಾಬಿ ಮಗಳೊಡನೆ ರಾಣೆಬೆನ್ನೂರಿನ ಅಣ್ಣನ ಮನೆ ಸೇರುವವಳು. ಅಲ್ಲಿ ಹಸೀನಾಳಿಗೆ ಒಂದು ಗಂಡೂ ಕಾದಿತ್ತು. ಮಳೆಗಾಲದುದ್ದಕ್ಕೂ ಟೇಪು ಹಿಡಿದು ಆ ಒಂದೇ ಬಾಗಿಲನ್ನು ಹದಿನೇಳು ಸಲ ಅಳೆದಿದ್ದ ಯೂಸುಫ ಕವಡೆಗಳನ್ನೇ ನೋಡುತ್ತ ಕುಂತ.

ಓಣಿಯ ಹಿರಿಯ ಶೇಖಪ್ಪನಿಗೆ ಚೌಕ ಬಿತ್ತು. “ಬಾಜೂಕ ಖಾಲಿ ಬಯಲೈತಿ, ಅಲ್ಲೇ ಹೋಗ್ಲಿ” ಎಂದು ಹಗ್ಗ ಸರಿಸಿದ. ಯೂಸುಫ ಉಸಿರು ಬಿಟ್ಟ.

ಮುಂದಿನ ಚೌಕ ಹಸೀನಾಳದು. ಸೆರಗಿನಡಿಯಿಂದ ಒಮ್ಮೆ ಅವನನ್ನು ನೋಡಿ, ಹಗ್ಗವನ್ನು ಎತ್ತಿ ತನ್ನ ಮನೆಯ ಮೇಲೇ ಇಟ್ಟಳು.

“ಏನ್ ಮಾಡಾಕತ್ತೀರಿ?” ಎಂದ ಯೂಸುಫ.

“ಬಯಲು ಖಾಲಿ ಅಂತ ಬರದೀರಿ. ಯಾವಾಗ ನೋಡಿದ್ರಿ?”

“ಶ್ರಾವಣದಾಗ.”

“ಮಳಿಯಾಗ ಮೆಣಸಿನಕಾಯಿ ಯಾರು ಒಣಗಸ್ತಾರ್ರಿ? ಸುಗ್ಗಿಗೆ ಬರ್ರಿ. ನಲವತ್ತು ಹೆಣ್ಮಕ್ಕಳು ಅಲ್ಲೇ ತೊಟ್ಟು ಬಿಡಿಸಿ ಹೊಟ್ಟಿ ಹೊರೀತೀವಿ.”

ಬಾಗಿಲ ಗುಂಗಿನಲ್ಲಿ ಯೂಸುಫ ಬಯಲಿನತ್ತ ಕತ್ತೇ ಹೊರಳಿಸಿರಲಿಲ್ಲ.

“ಹೊತ್ತಾತು ಸಾಹೇಬ್ರ,” ಎಂದ ಶೇಖಪ್ಪ. “ಹಗ್ಗ ಇಲ್ಲೇ ಅಂತ ಬರೀತೀರೋ ಇಲ್ಲೋ?”

ಬರೆದರೆ ಅವಳು ಹೋಗುತ್ತಾಳೆ. ಬರೆಯದಿದ್ದರೆ ಆಟವೇ ಸುಳ್ಳು. ಅವಳು ಅವನಿಂದ ಕಣ್ಣು ಕೀಳಲಿಲ್ಲ. ಯೂಸುಫ ಬರೆದ.

“ಇನ್ನ ಎಲ್ಲಿರ್ತೀರಿ?” ಮೆಲ್ಲಗೆ ಕೇಳಿದ.

“ಆಫೀಸಿನವ್ರು ಕೇಳಾಕತ್ತೀರೋ, ನೀವು ಕೇಳಾಕತ್ತೀರೋ?”

“ನಾ ಕೇಳಾಕತ್ತೇನಿ.” ಅವನು ಸುಗರಾಬಿಯ ಕಡೆ ತಿರುಗಿದ. “ಖಾಲಾ, ನನಗ ಇಲ್ಲೇ ಬಾಡಿಗಿ ಖೋಲಿ ಐತಿ, ನೌಕರಿ ಐತಿ. ಹಸೀನಾನ್ನ ನನಗ ಕೊಡ್ರಿ. ನೀವೂ ಬಂದಿರ್ರಿ.”

“ಇಷ್ಟು ಮಂದಿ ಮುಂದ ಹಿಂಗ ಕೇಳ್ತಾರೇನಪಾ?” ಸುಗರಾಬಿ ಮಗಳನ್ನು ನೋಡಿದಳು. “ನೀ ಏನಂತೀ?”

ಹಸೀನಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕಂಡಕ್ಟರ್ ಕೂಡ ಸೀಟಿ ಊದದೆ ಕಾದ.

“ರಾಣೆಬೆನ್ನೂರಿನ ಮಾಮಾಗ ನಾಳೆನ ಕಾಗದ ಹಾಕು ಅಮ್ಮಿ. ನಾವು ಬರೂದಿಲ್ಲ ಅಂತ ಬರಿ.”