ಗುಡುಗನ ಬಲಗಾಲು

ಒಂಬತ್ತು ವರ್ಷದ ಹಿಂದೆ ಹೊನ್ನಾಳಿಯ ದೊಡ್ಡಣ್ಣ, ಮಟನ್ ಅಂಗಡಿಯ ಮುಂದೆ ಕಟ್ಟಿದ್ದ ಕುರಿಮರಿಯೊಂದನ್ನು ಬಿಡಿಸಿಕೊಂಡು ಬಂದು, ಮಂತ್ರ ಬಲ್ಲ ತಿಪ್ಪೇಶಪ್ಪನ ಎದುರು ಅದರ ನೆತ್ತಿಯ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ: "ನಿನ್ನ ಮೈಗೆ ಚಾಕು ತಾಗಿಸಿದ ಕೈ ನಿಂದೇ." ತಿಪ್ಪೇಶಪ್ಪ ಆ ಮಾತನ್ನು ತಾಮ್ರದ ತಗಡಿನಲ್ಲಿ ಕೊರೆದು, ಕೋಳಿಯ ರಕ್ತ ಸವರಿ, ಆಗಷ್ಟೇ ಮೊಳೆಯುತ್ತಿದ್ದ ಕೊಂಬಿನ ಬುಡಕ್ಕೆ ಕಪ್ಪು ದಾರದಿಂದ ಬಿಗಿದಿದ್ದ.

ಆ ಮರಿಯೇ ಗುಡುಗ. ಚನ್ನಗಿರಿಯಿಂದ ಜಗಳೂರಿನವರೆಗೆ ಯಾವ ಕಾಳಗದ ಕಣದಲ್ಲೂ ಹಿಂದೆ ಸರಿಯದ ಟಗರು. ಅದು ಮುಪ್ಪಾಗಿ ಸತ್ತ ದಿನ ದೊಡ್ಡಣ್ಣ ಲಗೇಜ್ ಆಟೋದಲ್ಲಿ ಐಸ್ ತುಂಬಿಸಿ, ಅದರ ಹೆಣವನ್ನು ನ್ಯಾಮತಿ ರಸ್ತೆಯಲ್ಲಿದ್ದ ಜ್ಯೋತಿಲಕ್ಷ್ಮಿಯ ಶೆಡ್ಡಿಗೆ ತಂದ. ಅವನ ತಾಯಿ ಅಜ್ಜಮ್ಮನೂ ಹಿಂದೆಯೇ ಬಂದಳು.

ಜ್ಯೋತಿ ಊರಿಗೆ ಬಂದು ಮೂರೇ ತಿಂಗಳು. ಸತ್ತ ಪ್ರಾಣಿಯ ಚರ್ಮ ಬಿಡಿಸಿ, ಹದ ಮಾಡಿ, ಒಳಗೆ ನಾರು ತುಂಬಿ, ಜೀವ ಇದ್ದಂತೆ ನಿಲ್ಲಿಸುವ ವಿದ್ಯೆಯನ್ನು ಮೈಸೂರಿನಲ್ಲಿ ಕಲಿತವಳು. ಈವರೆಗೆ ನಿಲ್ಲಿಸಿದ್ದು ಎರಡು ಪಾರಿವಾಳ, ಒಂದು ಮುದಿ ನಾಯಿ. ನಾಯಿಯ ಮೂತಿ ಸೊಟ್ಟಗಾಗಿತ್ತು. ಗುಡುಗ ನೆಟ್ಟಗೆ ನಿಂತರೆ ಟಗರು ಸಾಕುವವರೆಲ್ಲ ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ಜಗಳೂರಿನಲ್ಲಿ ಅವ್ವನ ಬಳಿ ಬಿಟ್ಟಿರುವ ಆರು ವರ್ಷದ ಮಾಲಾಳನ್ನು ಕರೆತಂದು, ದಿನಾ ಬೆಳಿಗ್ಗೆ ತಾನೇ ಜಡೆ ಹೆಣೆಯಬಹುದು.

"ಬ್ಯಾಡವ್ವಾ," ಅಂದಳು ಅಜ್ಜಮ್ಮ. "ಚಾಕು ತಾಗಿಸ್ದೋರ ಕೈ ಅದಕ್ಕೇ ಅಂತ ಮಾತು ಕೊಟ್ಟು ಕಟ್ಟಿರೋ ತಗಡು ಐತೆ. ಹಂಗೇ ಮಣ್ಣು ಮಾಡಾನ."

"ಸತ್ತ ಟಗರು ಕೈ ತಗಂಡು ಏನು ಮಾಡ್ತೈತೆ ಅಜ್ಜಿ? ನಾಕು ಕಾಲು ಸಾಲಲ್ವಾ?"

ದೊಡ್ಡಣ್ಣ ಗಹಗಹಿಸಿದ. ಆದರೂ, "ನೀನೇ ಕೊಯ್ಯಿ ತಾಯಿ, ನಾನಂತೂ ಚಾಕು ಮುಟ್ಟಲ್ಲ," ಎಂದು ಬೆನ್ನು ತಿರುಗಿಸಿ ನಿಂತ.

ಚರ್ಮಕ್ಕೆ ಉಪ್ಪು ಹಾಕಲೇಬೇಕು. ಉಪ್ಪು ತಾಗಿದ ತಾಮ್ರ ಹಸಿರು ಕಾರಿ ಉಣ್ಣೆಯನ್ನು ಕೆಡಿಸುತ್ತದೆ. ಮೊದಲ ವಾರವೇ ಕಲಿಸಿದ ಪಾಠ. ಜ್ಯೋತಿ ಕಪ್ಪು ದಾರವನ್ನು ಕತ್ತರಿಸಿ ತಗಡನ್ನು ಕಸದ ಬಕೆಟ್ಟಿಗೆ ಎಸೆದಳು. ಅಜ್ಜಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಚಾಕು ಹೊಟ್ಟೆಯ ಉದ್ದಕ್ಕೂ ಹರಿಯಿತು.

ಮೂರು ವಾರ ಕಳೆದು ಉಳಿದದ್ದು ಗಾಜಿನ ಕಣ್ಣು ಕೂರಿಸಿ ರೆಪ್ಪೆ ಹೊಲಿಯುವ ಕೆಲಸ. ಎರಡು ದಿನದಿಂದ ಬಲಗೈ ಬೆರಳುಗಳು ಮರಗಟ್ಟಿದ್ದವು. ಚರ್ಮ ಹದ ಮಾಡುವ ಪಟಿಕದ ನೀರಿನ ಕಾಟ ಎಂದುಕೊಂಡಿದ್ದಳು. ನಡು ಮಧ್ಯಾಹ್ನ. ನೊಣ ನುಗ್ಗದಿರಲಿ ಎಂದು ಶಟರ್ ಎಳೆದಿದ್ದಳು. ಉಪ್ಪು, ಹಸಿ ಚರ್ಮ, ಮುಗ್ಗಿದ ಕೊಬ್ಬಿನ ವಾಸನೆ ಕಾದ ಶೀಟಿನ ಕೆಳಗೆ ಗಟ್ಟಿಯಾಗಿ ನಿಂತಿತ್ತು. ಎರಡನೆಯ ಕಣ್ಣು ಕೂರುವಷ್ಟರಲ್ಲಿ ಕರೆಂಟು ಹೋಯಿತು.

ಕತ್ತಲಲ್ಲಿ ಸೂಜಿ ಜಾರಿ ಬೆರಳಿಗೆ ಇಳಿಯಿತು. ನೋವಾಗಲಿಲ್ಲ. ಮೊಬೈಲ್ ಬೆಳಕು ಹಿಡಿದಳು. ರಕ್ತವಿಲ್ಲ. ತೂತಿನಿಂದ ಕಂದು ಎಳೆಯೊಂದು ಇಣುಕುತ್ತಿತ್ತು. ಎಳೆದಳು. ತೆಂಗಿನ ನಾರು. ಎಳೆದಷ್ಟೂ ಬಂತು.

ಹಿಂದೆ ಸರಿದಳು. ಎಡಗೈ ಗುಡುಗನ ಬಲ ಮುಂಗಾಲಿಗೆ ತಾಗಿತು. ಬೆಚ್ಚಗಿತ್ತು. ಒಳಗೆ ನಾಡಿ ಬಡಿಯುತ್ತಿತ್ತು. ಅವಳ ಎದೆಯ ಲಯದಲ್ಲೇ.

ಠಕ್.

ಗೊರಸು ಸಿಮೆಂಟಿನ ಮೇಲೆ ಊರಿದ ಸದ್ದು. ಚೀರಿದಳು. ಶಟರ್ ಬಡಿದಳು. ಮತ್ತೆ ಠಕ್.

ಟಗರನ್ನು ಒಯ್ಯಲು ತಾಯಿಯೊಡನೆ ಬಂದಿದ್ದ ದೊಡ್ಡಣ್ಣ ಶಟರ್ ಎತ್ತಿದ. ಬೆಳಕು ಒಳನುಗ್ಗಿತು. ಜ್ಯೋತಿಯ ಮಣಿಕಟ್ಟಿನ ಸುತ್ತ ಹೊಲಿಗೆಯ ಸಾಲೊಂದು ಮೂಡಿತ್ತು. ಅವಳದೇ ಹೊಲಿಗೆ. ಅವಳದೇ ಗಂಟು.

ಅಜ್ಜಮ್ಮ ಹತ್ತಿರ ಬಂದು ನೋಡಿದಳು. "ನಾರು ಮ್ಯಾಲೆ ಹತ್ತಾಕೆ ಶುರು ಮಾಡೈತೆ. ಮೊಣಕೈ ದಾಟಿದ್ರೆ ನೀನೂ ಹಿಂಗೇ ನಿಲ್ತೀಯ. ಅದರದ್ದು ಅದಕ್ಕೆ ಕೊಟ್ಟುಬಿಡವ್ವಾ."

"ದೊಡ್ಡಣ್ಣಾ, ಮಾತು ವಾಪಸ್ ತಗಳ್ರೀ! ಕಾಲಿಗೆ ಬೀಳ್ತೀನಿ!"

ದೊಡ್ಡಣ್ಣ ಅವಳ ಮುಖ ನೋಡಲಿಲ್ಲ. ಗುಡುಗನ ಬೆನ್ನು ಸವರುತ್ತಿದ್ದ. "ನಾನು ಮಾತು ತಪ್ಪೋನಲ್ಲ."

ಜ್ಯೋತಿ ಎಡಗೈಗೆ ಕತ್ತರಿ ತೆಗೆದುಕೊಂಡಳು. ಮಾಲಾಳ ಮುಖ ಕಣ್ಣ ಮುಂದೆ ನಿಂತಿತು. ಮಣಿಕಟ್ಟಿನ ಒಂದು ಹೊಲಿಗೆ ಕತ್ತರಿಸಿದಳು. ಇನ್ನೊಂದು. ಗಂಟು ಬಿಚ್ಚಿತು. ಕೈ ನೆಲಕ್ಕೆ ಬಿತ್ತು, ಖಾಲಿ ಚೀಲದಷ್ಟು ಹಗುರವಾಗಿ. ಗೊರಸಿನ ಸದ್ದು ನಿಂತಿತು.

ಹೊತ್ತು ಮುಳುಗುವ ಮೊದಲೇ ತುಂಗಭದ್ರೆಯ ದಂಡೆಯಲ್ಲಿ ಗುಡುಗನನ್ನು ಹೂತರು, ಜೊತೆಗೆ ಕೈಯನ್ನೂ. ಶೆಡ್ಡಿಗೆ ಬೀಗ ಬಿತ್ತು. ಜ್ಯೋತಿ ಜಗಳೂರಿಗೆ ಹೋದಳು. ಮಾಲಾಳ ಜಡೆಯನ್ನು ಈಗಲೂ ಅಜ್ಜಿಯೇ ಹೆಣೆಯುತ್ತಾಳೆ.

ದೊಡ್ಡಣ್ಣ ಕೊಟ್ಟ ಮಾತು ನಡೆಯಿತು.