ರೆಕ್ಕೆಗೆ ತೊಡಿಸಿದ ಕಾಲುಚೀಲ

ರೆಕ್ಕೆಯ ಕೆಳಗೆ ಮತ್ತೆ ಅದೇ ಕಾಲುಚೀಲ! ಒಂದು ಕಾಲಕ್ಕೆ ಬಿಳಿಯಿದ್ದದ್ದು. ಈಗ ಬಣ್ಣ ಕೇಳಿದರೆ ಅದಕ್ಕೇ ನಾಚಿಕೆಯಾದೀತು.

ಅದನ್ನು ತೊಡಿಸಿದ್ದು ವಿಮಾನದ ವೇಗ ಅಳೆಯುವ ಪುಟ್ಟ ಕೊಳವೆಗೆ. ಸಂಜೆ ಮುಚ್ಚದಿದ್ದರೆ ಕಣಜದ ಹುಳು ಒಳಗೆ ಮಣ್ಣಿನ ಗೂಡು ಕಟ್ಟುತ್ತದೆ, ಮುಚ್ಚಬೇಕಾದ್ದು ಹೌದು. ಆದರೆ ಕವರ್ ಕಳೆದುಕೊಂಡು, ಕಾಲಿನಿಂದ ಕಳಚಿದ್ದನ್ನೇ ಸಿಕ್ಕಿಸುವುದೇ? ಪುಟ್ಟ ವಿಮಾನಗಳನ್ನು ತಳ್ಳಿ ನಿಲ್ಲಿಸಿ ಹಗ್ಗ ಬಿಗಿಯುವ ಕೆಲಸದವಳು ಅವಳು. ಗ್ರೀಸು, ಹಕ್ಕಿಹಿಕ್ಕೆ ಎಲ್ಲ ಕಂಡವಳೂ ಮೂಗು ಮುಚ್ಚಿಕೊಂಡಳು.

ಇನ್ನೂ ಹೇಸಿಗೆಯ ಸಂಗತಿಯೆಂದರೆ, ಆ ಚೀಲದ ಒಡೆಯನಾದ ಪೈಲಟ್ ನಿನ್ನೆ ಅವಳನ್ನು "ನನ್ನನ್ನು ಮದುವೆಯಾಗ್ತೀರಾ?" ಎಂದು ಕೇಳಿದ್ದ, ಮತ್ತು ಅವಳ ಮನಸ್ಸು ಕುಣಿದಿತ್ತು.

"ನಾಳೆ ಸಂಜೆ ಹೇಳ್ತೀನಿ" ಎಂದಿದ್ದಳು. ಆಗಿನಿಂದ ಕಣ್ಣ ಮುಂದೆ ಬರೀ ಅಕ್ಕನ ಮನೆ. ಹಾಸಿಗೆಯ ಮೇಲೆ ಭಾವನ ಒದ್ದೆ ಟವೆಲ್, ಕಿಟಕಿಯಲ್ಲಿ ಎಂಜಲು ಲೋಟ, ಹಿಂದೆ ಹಿಂದೆ ಎತ್ತುತ್ತಾ ಹೋಗುವ ಅಕ್ಕ. ಮದುವೆಗೆ ಮುಂಚೆ ಭಾವನೂ ಹೀಗೇ ಮುದ್ದಾಗಿ ನಗುತ್ತಿದ್ದವನೇ. ಇನ್ನೊಬ್ಬರ ಗಲೀಜು ಬಳಿಯುತ್ತಾ ಬಾಳಲು ತನ್ನಿಂದಾಗದು. ಬೇಡವೆನ್ನಲು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದಳು.

ವಿಮಾನದ ಬಾಗಿಲ ಹತ್ತಿರ ಹುಳಿ ನಾತ ಮೂಗಿಗೆ ಹೊಡೆಯಿತು. ಯಾರೋ ಪ್ರಯಾಣಿಕ ಒಳಗೇ ವಾಂತಿ ಮಾಡಿದ್ದ. 'ಹಾಗೇ ಬಿಟ್ಟು ಹೋಗಿರ್ತಾನೆ ಪೈಲಟ್ ಮಹಾರಾಯ, ಬಳಿಯೋಕೆ ನಾನಿದ್ದೀನಲ್ಲ' ಎಂದು ಹಲ್ಲು ಕಡಿಯುತ್ತಾ ಬಾಗಿಲು ತೆಗೆದಳು.

ಅವನು ಸೀಟಿನಡಿ ತಲೆ ತೂರಿಸಿ ಬ್ರಷ್‌ನಿಂದ ಉಜ್ಜುತ್ತಿದ್ದ. ಉಜ್ಜುವುದು, ಓಕರಿಸುವುದು, ಮತ್ತೆ ಉಜ್ಜುವುದು. ಕಣ್ಣಲ್ಲಿ ನೀರು.

"ಬರ್ಬೇಡಿ! ತಡ್ಕೊಳ್ಳೋಕಾಗಲ್ಲ ನಿಮಗೆ."

"ನಿಮಗ್ಯಾರು ಹೇಳಿದ್ರು ಇದನ್ನ ಮಾಡೋಕೆ?"

"ಆಕಾಶದಲ್ಲಿ ಗಿರಕಿ ಹೊಡೆಸಿದ್ದು ನಾನು. ತೊಳೆಯೋದು ನೀವಾ?"

ಭಾವ ಜನ್ಮದಲ್ಲಿ ಆಡದ ಮಾತು.

ಅಷ್ಟರಲ್ಲಿ ಗಾಳಿ ಬೀಸಿತು. ರೆಕ್ಕೆ ಮೇಲೆದ್ದು ಧಡ್ ಎಂದು ಕೆಳಗಿಳಿಯಿತು.

"ನಾನು ಬರೋವರೆಗೆ ಒಂದು ಹಗ್ಗನಾದ್ರೂ ಕಟ್ಟಿಲ್ವಾ?"

"ನಾತಕ್ಕೆ ಮೊದ್ಲು ಇದನ್ನ..."

"ಮೊದ್ಲು ಕಟ್ಟೋದು, ಆಮೇಲೆ ತೊಳೆಯೋದು ಕಣ್ರೀ!"

ಅವಳು ಓಡಿ ರೆಕ್ಕೆಯ ಆಸರೆ ಕಂಬಿಗೆ ಜೋತುಬಿದ್ದಳು. ಅವನು ಹಾರಿ ಬಂದು ನೆಲದ ಕಬ್ಬಿಣದ ಬಳೆಗೆ ಹಗ್ಗ ತೂರಿಸಿದ.

"ಅದೇನು ಗಂಟಾ, ತಲೆಕೂದಲ ಸಿಕ್ಕಾ? ಬಿಚ್ಚಿ! ಇಲ್ಲಿ ಒತ್ತಿ ಹಿಡೀರಿ!" ಎಂದು ಅವಳು ಒಂದು ಕೈಯಿಂದ ಹಗ್ಗ ಎಳೆದಳು.

ಒತ್ತಿ ಹಿಡಿದ, ಹಗ್ಗದ ಜೊತೆಗೆ ಅವಳ ಕೈಯನ್ನೂ. ಅವನ ಅಂಗೈ ಲೋಳೆ ಲೋಳೆ, ಅದೇ ಹುಳಿ ನಾತ. ಅವಳ ಮೈಯೆಲ್ಲ ಮುಳ್ಳೆದ್ದಿತು. ಕೈ ಬಿಟ್ಟರೆ ರೆಕ್ಕೆ ಏಳುತ್ತದೆ, ಬಿಡುವಂತಿರಲಿಲ್ಲ. ಒಂದು ರೆಕ್ಕೆ, ಇನ್ನೊಂದು, ಕೊನೆಗೆ ಬಾಲ. ಎಲ್ಲ ಬಿಗಿದಾಗ ಇಬ್ಬರಿಗೂ ಏದುಸಿರು.

"ಸಂಜೆ ಆಯ್ತು" ಎಂದ ಅವನು, ಮೆಲ್ಲಗೆ.

ಅವಳು ಜೇಬಿನಿಂದ ತಾನೇ ಹೊಲಿದ ಕೆಂಪು ಬಟ್ಟೆಯ ಕವರ್ ತೆಗೆದಳು. "ಬೇಡ ಅಂದು, ಇದನ್ನ ಕೊಟ್ಟು ಹೋಗೋಣ ಅಂತ ಬಂದಿದ್ದೆ."

ಅವನ ಮುಖ ಸಪ್ಪಗಾಯಿತು. "ಈಗ?"

ಅವಳು ಎರಡೇ ಬೆರಳಲ್ಲಿ ಕಾಲುಚೀಲ ಎಳೆದು ಅವನ ಕೈಗೆ ಹಾಕಿ, ಕೊಳವೆಗೆ ಕವರ್ ತೊಡಿಸಿದಳು.

"ಕಾಲುಚೀಲ ದಿನಾ ನೀವೇ ಒಗೀಬೇಕು."

"ಒಗೀತೀನಿ."

"ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕಬಾರದು."

"ಯಾವ ಟವೆಲ್ಲು?"

"ನಮ್ಮಿಬ್ಬರ ಮನೇದು. ಹೋಗಿ, ಮೊದ್ಲು ಸೋಪ್ ಹಾಕಿ ಕೈ ತೊಳ್ಕೊಳ್ಳಿ!"

ಅವನು ಹುಚ್ಚನಂತೆ ನಲ್ಲಿಯ ಕಡೆ ಓಡಿದ. ಅವಳು ತನ್ನ ಕೈ ಮೂಸಿ "ಥೂ!" ಎಂದು ಮುಖ ಕಿವುಚಿದಳು. ಅಲ್ಲಿದ್ದದ್ದು ಒಂದೇ ನಲ್ಲಿ. ಅವಳೂ ಅವನ ಹಿಂದೆ ಓಡಿದಳು.